ಅರಗಿನ ಮುದ್ರೆಯ ಭಂಗಿ ಗಿಡ

ಈ ಕಥೆಯನ್ನು ಹೀಗೆ ಹೇಳಿದವಳು ಕಲ್ಲೋಳಿಯ ಕುರುಬರ ಓಣಿಯ ಕಾಡವ್ವ. ೧೯೩೮ರ ಮಾಗಿಯ ಒಂದು ಇಳಿಹೊತ್ತಿನಲ್ಲಿ, ಮನೆಯ ಮುಂದೆ ಓಣಿಯ ಹೆಂಗಸರೊಂದಿಗೆ ಕುಳಿತು ಉಣ್ಣೆ ನೂಲುತ್ತ. ಅವಳು ಅದನ್ನು ಕೇಳಿದ್ದು ತನ್ನ ಮಾವನ ಬಾಯಿಂದ. ನಡೆದದ್ದು ಪ್ಲೇಗು ಹೋಗಿ, ಹೊಲದ ಗುಡಿಸಲುಗಳಲ್ಲಿದ್ದ ಜನ ಮತ್ತೆ ಊರೊಳಗೆ ಸೇರಿದ ಕೆಲವು ವರ್ಷಗಳ ಮೇಲೆ. ಹುಕ್ಕೇರಿಯ ಕಡೆ ಹೇಳುವವರು ಕಥೆಯಲ್ಲಿ ಬರುವ ಅಬಕಾರಿ ಸಾಹೇಬನನ್ನು ಕುದುರೆಯ ಮೇಲೆ ಕರೆತರುತ್ತಾರೆ. ಕಾಡವ್ವ ಚಕ್ಕಡಿಯಲ್ಲಿ ತಂದಳು, ಇಲ್ಲಿಯೂ ಹಾಗೆಯೇ ಇರಿಸಿದೆ.

ಊರ ಹೊರಗೆ, ಸತ್ತೆಪ್ಪನೆಂಬ ಕುರುಬನ ಹೊಲದ ಅಂಚಿಗೆ, ಚಿಲುಮಿ ಅಜ್ಜನ ಗದ್ದಿಗೆ ಇತ್ತು. ಅಜ್ಜ ಯಾವ ಕಾಲದಲ್ಲಿ ಬಂದ, ಯಾವಾಗ ಅಲ್ಲಿ ಮಣ್ಣಾದ ಎಂಬುದು ಯಾರಿಗೂ ತಿಳಿಯದು. ಅಮಾವಾಸ್ಯೆಗೆ ಹಿರಿಯರು ಅಲ್ಲಿ ಕೂತು ಚಿಲುಮೆಯಲ್ಲಿ ಗಾಂಜಾ ಸೇದಿ, ಅದರ ಬೀಜವನ್ನು ಅಲ್ಲಿಯೇ ಕೊಡವಿ ಏಳುತ್ತಿದ್ದರು. ಹೀಗಾಗಿ ವರ್ಷವೂ ಗದ್ದಿಗೆಯ ಬಗಲಲ್ಲಿ ಒಂದು ಭಂಗಿ ಗಿಡ ತಾನಾಗಿ ಏಳುತ್ತಿತ್ತು. ದಣಿದ ಎತ್ತಿಗೆ ಅದರ ಎರಡು ಎಲೆಯನ್ನು ಬೆಲ್ಲದಲ್ಲಿ ಕಟ್ಟಿ ತಿನ್ನಿಸುವುದು, ಶ್ರಾವಣದಲ್ಲಿ ಸೋಮವಾರಕ್ಕೊಂದು ಮನೆಯಂತೆ ಅದಕ್ಕೆ ಒಂದು ಕೊಡ ನೀರು ಹಾಕುವುದು, ಊರಿನ ಪದ್ಧತಿ. ಅದಕ್ಕೆ ಅಜ್ಜನ ಪಾಳಿ ಎನ್ನುತ್ತಿದ್ದರು.

ಆ ಸೋಮವಾರದ ಪಾಳಿ ಸತ್ತೆಪ್ಪನದು. ಅವನು ಕೊಡವನ್ನು ಬಗ್ಗಿಸಿದ್ದಾಗಲೇ ಗೋಕಾಕದ ಅಬಕಾರಿ ಜಮಾದಾರ ಅವನ ಬೆನ್ನ ಹಿಂದೆ ಬಂದು ನಿಂತ.

“ಯಾರ್ ಹಚ್ಚಿದ್ದೋ ಇದನ್ನ?”

“ಯಾರೂ ಹಚ್ಚಿಲ್ರಿ. ಅಜ್ಜನ ಗಿಡ ಐತ್ರಿ, ತಾನ ಹುಟ್ಟತೈತಿ.”

“ನೀರು?”

“ನೀರ ಇವತ್ತ ನನ್ನ ಪಾಳಿರಿ.”

“ಹೊಲಾ ಯಾರದು?”

“ನಂದ್ರಿ. ಆದ್ರ ಅಜ್ಜ ನಮಗಿಂತ ಮೊದಲ ಬಂದು ಕುಂತಾನ್ರಿ.”

“ನೀರ ಹಾಕಿದಾಂವನ ಬೆಳದಾಂವ. ಪರವಾನಗಿ ಇಲ್ಲದ ಬೆಳದ್ರ ಆರು ತಿಂಗಳು ಜೇಲು,” ಎಂದು ಜಮಾದಾರ ಮೊಳಕಾಲೆತ್ತರದ ಆ ಗಿಡದ ಕಾಂಡಕ್ಕೆ ದಾರ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆಯೊತ್ತಿದ. “ಸಾಹೇಬರು ಬಂದು ನೋಡೂತನಕ ಇದು ಸರಕಾರದ ಗಿಡ. ಕೀಳಬ್ಯಾಡ, ಒಣಗಾಕ ಬಿಡಬ್ಯಾಡ. ಏನರೆ ಆತಂದ್ರ ನೀನ ಜವಾಬ್ದಾರ.”

ಸತ್ತೆಪ್ಪ ಬರಿಗೊಡ ಹೊತ್ತು ಮನೆಗೆ ಬಂದ. ಹೆಂಡತಿ ಲಕ್ಕವ್ವ ಎಲ್ಲವನ್ನೂ ಕೇಳಿ, ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ದೀಪಾವಳಿ ಮುಗಿದ ಮೇಲೆ ಹಿಂಡನ್ನು ಹೊಳೆ ದಾಟಿಸಿ ಅಂಕಲಗಿಯ ಕಡೆ ಒಯ್ದು, ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ನಿಲ್ಲಿಸಬೇಕು. ಮನೆಯಲ್ಲಿ ಗಂಡಾಳು ಸತ್ತೆಪ್ಪನೊಬ್ಬನೇ.

“ನೀ ಜೇಲಿಗೆ ಹ್ವಾದ್ರ ಕುರಿ ಯಾರು ಹೊಡಕೊಂಡ ಹೋಗಾವ್ರು? ಇಲ್ಲೇ ಬಿಟ್ರ ಮೇವಿಲ್ಲದ ಸಾಯ್ತಾವ. ಮಾರಿದ್ರ ನಾವ ಸತ್ತಂಗ,” ಎಂದಳು.

“ಅದಕ್ಕ ಕಾಯ್ದೆ ತಿಳಕೊಂಡ ಬರ್ತೇನಿ. ತಿಳಕೊಂಡ್ರ ಹೆಂಗರೆ ನಡಕೋಬಹುದು,” ಎಂದು ಸತ್ತೆಪ್ಪ ಮರುದಿನವೇ ಗೋಕಾಕಕ್ಕೆ ನಡೆದ.

ವಕೀಲರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೇಳಿದರು: “ಹೂ ಬಂದಾವೇನು?”

“ಇನ್ನೂ ಇಲ್ರಿ.”

“ಬರೇ ಎಲಿ ಇದ್ರ ಭಂಗಿ. ಹೂ ಬಂದು ಅಂಟು ಹಿಡೀತಂದ್ರ ಗಾಂಜಾ. ನಾ ತಿಳಿದ ಮಟ್ಟಿಗೆ, ಭಂಗಿ ಅಂದ್ರ ದಂಡದ ಮ್ಯಾಲ ಬಿಡಿಸಬಹುದು. ಗಾಂಜಾ ಅಂದ್ರ ಜೇಲು ತಪ್ಪೂದು ಕಷ್ಟ.”

“ಹಂಗಾರ ಹೂ ಬರೂಕಿಂತ ಮೊದಲ ಕಿತ್ತ ಬಿಡ್ತೇನ್ರಿ.”

“ಮುದ್ರೆ ಒತ್ತಿದ್ದನ್ನ ಕಿತ್ತರ ಪುರಾವೆ ಹಾಳು ಮಾಡಿದಿ ಅಂತ ಬ್ಯಾರೆ ಕೇಸು.”

“ನೀರ ಹಾಕದ ಬಿಟ್ರ?”

“ಒಣಗಿದ್ರೂ ಅದ.”

“ಹಾಕಿದ್ರ?”

“ಹೂ ಬರತೈತಿ,” ಎಂದು ವಕೀಲರು ಸಮಾಧಾನವಾಗಿ ಸುಣ್ಣ ಸವರಿದರು.

“ಮತ್ತ ನಾ ಏನ್ ಮಾಡ್ಲಿರಿ?”

“ಸಾಹೇಬರು ಲಗೂ ಬರ್ಲಿ ಅಂತ ನಿಮ್ಮ ಅಜ್ಜನ್ನ ಬೇಡಿಕೋ.”

ಅಲ್ಲಿಂದ ಪೇಟೆಗೆ ಬಂದರೆ ಸತ್ತೆಪ್ಪನ ಕಣ್ಣಿಗೆ ಬಿದ್ದದ್ದು ಸರಕಾರದ ಪರವಾನಗಿ ಪಡೆದ ಗಾಂಜಾ ಅಂಗಡಿ. ಹಗಲಹೊತ್ತಿನಲ್ಲೇ ಜನ ಬಂದು, ತೂಗಿಸಿಕೊಂಡು, ಪುಡಿಕೆಯನ್ನು ರುಮಾಲಿನಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಅವನು ಬಹಳ ಹೊತ್ತು ನೋಡುತ್ತ ನಿಂತ.

“ಏನೋ ಕುರುಬಣ್ಣಾ, ಬೇಕೇನು? ಬ್ಯಾಡಾದ್ರ ಬಾಜೂ ಸರಿ,” ಎಂದ ಅಂಗಡಿಯವ.

“ಇದಕ್ಕ ನೀರ ಹಾಕಿದವರು ಜೇಲಿನ್ಯಾಗ ಅದಾರೇನ್ರಿ?”

ನಿಂತ ಗಿರಾಕಿಗಳೆಲ್ಲ ನಕ್ಕರು. “ಅವರ ಕಡೆ ಪರವಾನಗಿ ಐತಿ,” ಎಂದ ಅಂಗಡಿಯವ.

“ನಮ್ಮ ಅಜ್ಜಗ ಪರವಾನಗಿ ಯಾರ ಕೊಡತಾರ್ರಿ?”

“ನಿಮ್ಮ ಅಜ್ಜ ಎಲ್ಲಿ ಅದಾನು?”

“ಗದ್ದಿಗ್ಯಾಗ ಅದಾನ್ರಿ.”

“ಹಂಗಾರ ಎದ್ದು ಬಂದು ಅರ್ಜಿ ಕೊಡಾಕ ಹೇಳು.”

ಕೊಳ್ಳುವುದು ತಪ್ಪಲ್ಲ, ಮಾರುವುದು ತಪ್ಪಲ್ಲ, ಸೇದುವುದು ತಪ್ಪಲ್ಲ. ಒಂದು ಕೊಡ ನೀರು ಮಾತ್ರ ತಪ್ಪು ಹೇಗೆ? ಲೋಳಸೂರಿನ ಬಳಿ ಹೊಳೆ ದಾಟುವವರೆಗೂ ಸತ್ತೆಪ್ಪ ಮನಸ್ಸಿನಲ್ಲಿ ಇದನ್ನೇ ಮಗುಚಿ ಹಾಕಿದ. ಮನೆ ಸೇರಿದಾಗ ಅವನ ತಲೆ ಹೋಗುವಾಗ ಇದ್ದುದಕ್ಕಿಂತ ಗೋಜಲಾಗಿತ್ತು.

ಲಕ್ಕವ್ವನ ತಮ್ಮ ಕಲ್ಲಪ್ಪ ಮೂಡಲಗಿಯಾಚೆಯ ಸಂಸ್ಥಾನದ ಹಳ್ಳಿಯವನು. ಸುದ್ದಿ ಕೇಳಿ ಬಂದವನು ಎದೆಯುಬ್ಬಿಸಿ ಹೇಳಿದ: “ಮಾವಾ, ನಮ್ಮ ಮಹಾರಾಜರ ಸೀಮ್ಯಾಗ ಕಾಯ್ದೆ ಬ್ಯಾರೆ. ಬೇರ ಸಹಿತ ಎಬ್ಬಿಸಿಕೊಂಡ ಬಾ, ನನ್ನ ಹಿತ್ತಲದಾಗ ಹಚ್ಚೂಣು. ನಮ್ಮಲ್ಲಿ ಇದನ್ನ ಯಾರೂ ಕೇಳೂದಿಲ್ಲ.”

“ಹೌದಪಾ, ಗದ್ದಿಗಿನೂ ಎಬ್ಬಿಸಿಕೊಂಡ ಒಯ್ಯಿ!” ಎಂದಳು ಅಕ್ಕ. “ಸೀಮಿ ಕಲ್ಲಿನ ಹಂತ್ಯಾಕ ನಾಕಾದ ಸಿಪಾಯಿ ಹಿಡದ್ರ ಏನ್ ಹೇಳ್ತಿ? ಇತ್ಲಾಗ ಕಾಲಿದ್ರ ಕಳ್ಳ, ಅತ್ಲಾಗ ಕಾಲಿದ್ರ ಸಾವಕಾರ ಅಂತೀ ಏನು?”

ಕಲ್ಲಪ್ಪ ರೊಟ್ಟಿ ತಿಂದು ಎದ್ದು ಹೋದ.

ಆ ವರ್ಷ ಮಳೆ ಹಿಂದೆಗೆದಿತ್ತು. ಮುಂದಿನ ಸೋಮವಾರ ಪಾಳಿ ಬಂದ ಮನೆಯವರು ಕೊಡ ಎತ್ತಲಿಲ್ಲ. “ಈಗದು ಅಜ್ಜನ ಗಿಡಲ್ಲೋ, ಸರಕಾರದ್ದು. ನಾವು ಮುಟ್ಟಂಗಿಲ್ಲ,” ಎಂದರು. ಗಿಡದ ಎಲೆಗಳು ಜೋತುಬಿದ್ದವು. ಸತ್ತೆಪ್ಪ ಅದರ ಮುಂದೆ ಕುಳಿತು ಲೆಕ್ಕ ಹಾಕಿದ. ನೀರು ಹಾಕಿದರೆ ಬೆಳೆದ ಅಪರಾಧ. ಹಾಕದಿದ್ದರೆ ಸರಕಾರದ ವಸ್ತುವನ್ನು ಕೊಂದ ಅಪರಾಧ. ಜಮಾದಾರನ ಹುಕುಮುಗಳಲ್ಲಿ ಕೊನೆಗೆ ಬಂದದ್ದು ‘ಒಣಗಾಕ ಬಿಡಬ್ಯಾಡ’ ಎಂಬುದು. ಸರಕಾರದ ಮಾತಿನಲ್ಲಿ ಕೊನೆಯದೇ ಗಟ್ಟಿಯಿರಬೇಕೆಂದು ಅವನಿಗೆ ತೋರಿತು. ಅಂದಿನಿಂದ ದಿನವೂ ಬೆಳಿಗ್ಗೆ ನೀರು ಹೊತ್ತ. ದಾಟಿಹೋಗುವ ಮೇಕೆ ಬಾಯಿ ಹಾಕದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿದ. ಬುಡಕ್ಕೆ ಕುರಿಹಿಕ್ಕೆ ಸುರಿದ. ಗದ್ದಿಗೆ ಆದಾಗಿನಿಂದ ಅಲ್ಲೆದ್ದ ಯಾವ ಗಿಡಕ್ಕೂ ಅಷ್ಟು ಆರೈಕೆ ಆಗಿರಲಿಲ್ಲ.

ದಸರೆಗೆ ಗಿಡ ಅವನ ಎದೆಗೆ ಬಂತು, ದೀಪಾವಳಿಗೆ ತಲೆ ಮುಟ್ಟಿತು. ಹೂ ಬಂದು ಅಂಟು ಜಿನುಗಿತು. ಒಂದು ಬೆಳಿಗ್ಗೆ ನೋಡಿದರೆ ದಪ್ಪಗಾದ ಕಾಂಡ ದಾರವನ್ನು ಹರಿದು, ಮುದ್ರೆಯನ್ನು ನೆಲಕ್ಕೆ ಕೆಡವಿತ್ತು. ಮುದ್ರೆ ಒಡೆದದ್ದಕ್ಕೆ ಇನ್ನೊಂದು ಕಾಯ್ದೆ ಇದ್ದೇ ಇರುತ್ತದೆ. ಗಿಡವನ್ನು ಜೇಲಿಗೆ ಹಾಕುವವರು ಯಾರೂ ಇಲ್ಲ. ಮುದ್ರೆಯನ್ನು ಎತ್ತಿಡಲು ಹೆದರಿ, ಸತ್ತೆಪ್ಪ ಅದರ ಮೇಲೊಂದು ಬುಟ್ಟಿ ಬೋರಲು ಹಾಕಿ ಬಂದ.

ಹಿಂಡು ಹೊರಡಬೇಕಾದ ದಿನವೇ ಸಾಹೇಬರ ಚಕ್ಕಡಿ ಬಂತು, ಹಿಂದೆ ಜಮಾದಾರ. ಊರೆಲ್ಲ ಗದ್ದಿಗೆಯ ಸುತ್ತ ಕೂಡಿತು.

ಸಾಹೇಬರು ಗಿಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. “ಇದು ಮೊಳಕಾಲೆತ್ತರ, ಹೂವಿಲ್ಲ ಎಂದಿದ್ದೆಯಲ್ಲ ಜಮಾದಾರ?”

“ಆವಾಗ ಅಷ್ಟ ಇತ್ರಿ ಸಾಹೇಬರ,” ಎಂದು ಸತ್ತೆಪ್ಪನೇ ಕೈಮುಗಿದು ಹೇಳಿದ. “ಸರಕಾರದ್ದಾದ ಮ್ಯಾಲ ಇಷ್ಟ ಬೆಳೀತ್ರಿ.”

“ನೀರು ಯಾರು ಹಾಕಿದರು?”

“ನಾನ್ರಿ.”

“ಕೇಳಿದ್ರಿಲ್ರಿ? ಬಾಯಿಲೆ ಒಪ್ಪಿದ!” ಎಂದ ಜಮಾದಾರ.

“ಯಾಕೆ ಹಾಕಿದೆ?”

“ಜಮಾದಾರ ಸಾಹೇಬರು ಒಣಗಾಕ ಬಿಡಬ್ಯಾಡ ಅಂದ್ರು. ನಾ ಒಣಗಾಕ ಬಿಡಲಿಲ್ರಿ. ಮೊದಲು ವರ್ಷಕ್ಕ ಒಂದ ಕೊಡ ಹಾಕಿದ್ದು ತಪ್ಪಂದ್ರು. ಆ ಮ್ಯಾಲ ಒಣಗಿದ್ರೂ ತಪ್ಪಂದ್ರು. ಎಷ್ಟ ಹಾಕಿದ್ರ ಸರಿ ಅನ್ನೂದು ನನಗ ತಿಳೀಲಿಲ್ರಿ.”

ನಕ್ಕವರು ಬಾಯಿಗೆ ಸೆರಗು, ರುಮಾಲು ಒತ್ತಿಕೊಂಡರು. ಸಾಹೇಬರು ಜಮಾದಾರನ ಕಡೆ ತಿರುಗಿದರು.

“ಎಲೆ ಇದ್ದಾಗ ಇವನ ಗಿಡ. ಹೂ ಬಂದದ್ದು ನಿನ್ನ ಮುದ್ರೆಯ ಕೆಳಗೆ, ನಿನ್ನ ಹುಕುಮಿನ ಮೇಲೆ. ಇವನ ಮೇಲೆ ಕೇಸು ಹಾಕಿದರೆ ಬೆಳೆಸಿದವನೆಂದು ಮ್ಯಾಜಿಸ್ಟ್ರೇಟರು ನಿನ್ನನ್ನೂ ಪಕ್ಕದಲ್ಲಿ ನಿಲ್ಲಿಸುತ್ತಾರೆ. ನಿಲ್ಲುತ್ತೀಯಾ?”

ಜಮಾದಾರ ಗಿಡವನ್ನು ನೋಡಿದ, ಸತ್ತೆಪ್ಪನನ್ನು ನೋಡಿದ. “ಹಂಗ ನೋಡಿದ್ರ ಸಾಹೇಬರ, ಇದೊಂದು ತಾನಾಗಿ ಹುಟ್ಟಿದ್ದ ಇರಬೇಕ್ರಿ,” ಎಂದ ಸಣ್ಣ ದನಿಯಲ್ಲಿ.

“ಹಾಗಾದರೆ ಕೇಸಿಲ್ಲ. ಕಿತ್ತು ಹೊಳೆಗೆ ಹಾಕು,” ಎಂದು ಸಾಹೇಬರು ಸತ್ತೆಪ್ಪನಿಗೆ ಹೇಳಿದರು.

ಸತ್ತೆಪ್ಪ ಹಿಂದೆ ಸರಿದ. “ಕಿತ್ತರ ಕೈಯಾಗ ಬರತೈತ್ರಿ. ಕೈಯಾಗ ಇದ್ರ ಅದಕ್ಕೊಂದು ಕಾಯ್ದೆ ಇದ್ದೀತ್ರಿ. ಹೊಳಿಗೆ ಒಯ್ದರ ಮತ್ತೊಂದು. ನಾ ಒಲ್ಲೆರಿ.”

ಕೊನೆಗೆ ಜಮಾದಾರನೇ ಜಾಲಿಮುಳ್ಳು, ಬುಟ್ಟಿ ಸರಿಸಿ, ಬಿದ್ದಿದ್ದ ಮುದ್ರೆಯನ್ನು ಕಿಸೆಗೆ ಹಾಕಿಕೊಂಡು, ಅಜ್ಜನಿಗೆ ಒಮ್ಮೆ ಕೈಮುಗಿದು, ಗಿಡವನ್ನು ಎರಡೂ ಕೈಯಿಂದ ಜಗ್ಗಿ ಕಿತ್ತ. ಒಣಗಿದ ಹೂಗಳಿಂದ ಬೀಜ ಗದ್ದಿಗೆಯ ಸುತ್ತೆಲ್ಲ ಚೆಲ್ಲಿತು.

ಸಾಹೇಬರು ಚಕ್ಕಡಿ ಹತ್ತುವಾಗ ಸತ್ತೆಪ್ಪ ಮತ್ತೆ ಎದುರು ಬಂದು ನಿಂತ. “ಸಾಹೇಬರ, ಒಂದ ಮಾತ್ರಿ. ನಾ ತಪ್ಪ ಮಾಡೇನೋ ಇಲ್ಲೋ?”

ಸಾಹೇಬರು ಚಕ್ಕಡಿಯಲ್ಲಿ ಕುಳಿತರು. “ನಿನ್ನ ಕುರಿ ಹೊಡೆದುಕೊಂಡು ಹೋಗು,” ಎಂದರು.

ಅವನು ಹೋದ. ಬಿಸಿಲಿಳಿಯುವ ಮೊದಲೇ ಹಿಂಡು ಹೊಳೆಯ ದಾರಿ ಹಿಡಿಯಿತು. ಲಕ್ಕವ್ವ ಊರ ಅಗಸೆ ಬಾಗಿಲವರೆಗೆ ಕಳಿಸಿ ಬಂದಳು. ಅಂಕಲಗಿಯ ಹೊಲಗಳಲ್ಲಿ ಕುರಿ ತರುಬಿದಾಗಲೂ ಸತ್ತೆಪ್ಪ ಸಿಕ್ಕಸಿಕ್ಕವರನ್ನು ಅದೇ ಪ್ರಶ್ನೆ ಕೇಳುತ್ತಿದ್ದನಂತೆ. ಒಬ್ಬೊಬ್ಬರು ಒಂದೊಂದು ಹೇಳಿದರಂತೆ.

ಕಾಡವ್ವ ಕಥೆಯನ್ನು ಇಲ್ಲಿಗೆ ತಂದು ಕದಿರಿಗೆ ಉಣ್ಣೆಯ ಎಳೆ ಸುತ್ತತೊಡಗಿದಳು.

“ಯವ್ವಾ, ಹಂಗಾರ ನೀರ ಹಾಕೂದು ತಪ್ಪೋ, ಅಲ್ಲೋ?” ಎಂದು ಓಣಿಯ ಉದ್ದವ್ವ ಕೇಳಿದಳು.

“ನನ್ನ ಕೇಳಿದ್ರ? ಅದನ್ನ ಕೇಳಾಕ ಅಂವಾ ಗೋಕಾಕತನಕ ಹೋಗಿದ್ದ.”

“ಹೊಲದಾಂವಂದ ತಪ್ಪು,” ಎಂದಳು ಒಬ್ಬಳು. “ಜಮಾದಾರಂದ,” ಎಂದಳು ಇನ್ನೊಬ್ಬಳು. ಕುರಿಗಳು ಒಳಬರುವ ಸದ್ದಾಯಿತು. ಮಾತು ಬಗೆಹರಿಯಲಿಲ್ಲ; ಉಣ್ಣೆಯನ್ನು ಮಡಿಲಲ್ಲಿ ಕಟ್ಟಿಕೊಂಡು, ವಾದಿಸುತ್ತಲೇ ಎದ್ದು, ಅವರು ತಮ್ಮ ತಮ್ಮ ಮನೆಗಳಿಗೆ ನಡೆದರು.