ಕುರೆಂಟಿಗೆ ಹೆದರಿ ಮೆತ್ತಿದ ಕಿಟಕಿ

ಚಳಿಗಾಲ ಮುಗಿಯಿತು ಅನ್ನುವಾಗ ಮತ್ತೆ ಹಿಮ ಬಿದ್ದರೆ ನಮ್ಮೂರಿನಲ್ಲಿ ಮೊದಲು ಕುರೆಂಟು ಹೋಗುತ್ತದೆ, ಆಮೇಲೆ ಎಲ್ಲರಿಗೂ ಕುರೆಂಟಿನದೇ ಭಯ. ತಂತಿಯಲ್ಲಿ ಬರುವ ವಿದ್ಯುತ್ತಿಗೂ ನಾವು ಮೊಲ್ದೋವಾದವರು ಕುರೆಂಟು ಅಂತಲೇ ಅನ್ನುತ್ತೇವೆ, ಕಿಟಕಿಯಿಂದ ಬಾಗಿಲಿಗೆ ಹಾಯುವ ತಣ್ಣನೆ ಗಾಳಿಗೂ ಅದೇ ಹೆಸರು. ತಂತಿ ಮುಟ್ಟಿ ಸತ್ತವರು ಊರಲ್ಲಿ ಯಾರೂ ಇಲ್ಲ. ಗಾಳಿ ಬಡಿದು ಕಿವಿ ಹೋಯಿತು, ಹಲ್ಲು ಹೋಯಿತು, ಸೊಂಟ ಹಿಡಿಯಿತು ಅನ್ನುವವರು ಮಾತ್ರ ಮನೆಗೊಬ್ಬರು. ಸುಡುಬೇಸಿಗೆಯಲ್ಲಿ ಬಸ್ಸಿನ ಕಿಟಕಿ ತೆಗೆದರೂ ಜಗಳವಾಗುತ್ತದೆ.

ನಮ್ಮ ಪಕ್ಕದ ಮನೆಯ ಪ್ರೊಫೀರಕ್ಕನಿಗೆ ಈ ಭಯ ಎಲ್ಲರಿಗಿಂತ ಒಂದು ಕೈ ಹೆಚ್ಚು. ಮಿಕ್ಕಂತೆ ಗಟ್ಟಿ ಹೆಂಗಸು. ಹೆಬ್ಬಾತು ಸಾಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ, ಆ ಜಂಬವೂ ಅವಳಿಗುಂಟು. ಒಂದು ವರ್ಷ ಅವಳ ಹೆಬ್ಬಾತುಗಳು ಮೊಟ್ಟೆಯನ್ನೇನೋ ಇಟ್ಟವು, ಕಾವಿಗೆ ಕೂರಲಿಲ್ಲ. ಅವಳು ಸುಮ್ಮನಿರುವವಳೇ? ಥರ್ಮಾಕೋಲಿನ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ, ಮೊಟ್ಟೆಗಳನ್ನು ಜೋಡಿಸಿ, ಹಿತ್ತಿಲ ಕಡೆಯ ಚಿಕ್ಕ ಕೋಣೆಯಲ್ಲಿ ಇಟ್ಟಳು. ಸೊಸೆ ಲುಕೇರಿಯಾ ತುಂಬಿದ ಬಸುರಿ. ಹುಟ್ಟುವ ಕೂಸಿಗೆ ಮನೆಯ ಹೆಬ್ಬಾತಿನ ಪುಕ್ಕದ ಹಾಸಿಗೆಯೇ ಆಗಬೇಕು ಅಂತ ಅತ್ತೆಯ ಹಟ. ಭಾರದ ಕೆಲಸ ಆಗದ ಲುಕೇರಿಯಾ ಆ ಕೋಣೆಯಲ್ಲೇ ಹಾಸಿಕೊಂಡು, ಆಗಾಗ ಎದ್ದು ಮೊಟ್ಟೆ ಹೊರಳಿಸುತ್ತಿದ್ದಳು. ಮಗ ಗವ್ರಿಲ್ ಹಾಲಿನ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಕಡಿಮೆ.

ಮರಿ ಒಡೆಯುವ ಕಾಲ ಹತ್ತಿರ ಬಂದಾಗ ಹಿಮ ಸುರಿಯಿತು, ತಂತಿ ಹರಿಯಿತು, ಬಲ್ಬು ಆರಿತು. ಪ್ರೊಫೀರಕ್ಕ ಅಡುಗೆಯ ಒಲೆಯಿಂದ ಕೆಂಡ ಬಾಚಿ ಕಬ್ಬಿಣದ ಬಕೆಟ್ಟಿಗೆ ತುಂಬಿ ಪೆಟ್ಟಿಗೆಯ ಪಕ್ಕ ಇಟ್ಟಳು. ಆ ಕೋಣೆಗೆ ಹೊಗೆಗೂಡಿಲ್ಲ. ಕಾವೂ ಹೋಗಬಾರದು, ಕುರೆಂಟೂ ಬರಬಾರದು ಅಂತ ಕಿಟಕಿಯ ಸಂದಿಗೆಲ್ಲ ಹಿಟ್ಟಿನ ಅಂಟು ಬಳಿದು ಕಾಗದ ಮೆತ್ತಿದಳು. ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ನಮ್ಮೂರಲ್ಲಿ ಯಾರೇ ಆಗಿದ್ದರೂ ಅಷ್ಟನ್ನೇ ಮಾಡುತ್ತಿದ್ದರು.

ಮರುದಿನ ಬೆಳಿಗ್ಗೆ ಲುಕೇರಿಯಾಗೆ ತಲೆ ಸಿಡಿತ, ವಾಂತಿ. ಬಸುರಿಯರಿಗೆ ಇದೆಲ್ಲ ಇದ್ದದ್ದೇ, ಸ್ವಲ್ಪ ಕುರೆಂಟೂ ತಾಗಿರಬೇಕು ಅಂತ ಅತ್ತೆ ತಲೆಗೆ ಉಣ್ಣೆಯ ವಸ್ತ್ರ ಬಿಗಿದಳು. ಅತ್ತೆಗೂ ಆಗ ತಲೆ ಭಾರವಾಗಿತ್ತಂತೆ. ಅದನ್ನು ಅವಳು ಹೇಳಿದ್ದು ಎಲ್ಲ ಮುಗಿದ ಮೇಲೆ.

ಊರಿನ ನರ್ಸಮ್ಮ ವರ್ವಾರಾ ಬಸುರಿಯನ್ನು ನೋಡಲು ಹಿಮ ತುಳಿದುಕೊಂಡು ಬಂದಳು. ಕಂಬಳಿ ಸರಿಸಿ ಒಳಗೆ ಕಾಲಿಟ್ಟವಳೇ ಬಕೆಟ್ಟನ್ನು ಎತ್ತಿ ಅಂಗಳದಲ್ಲಿ ಇಟ್ಟಳು, ಕಾಗದ ಹರಿದು ಕಿಟಕಿ ತೆಗೆದಳು. ಪ್ರೊಫೀರಕ್ಕ ಕೆಂಡವಾದಳು.

"ಹೊಗೆನೇ ಇಲ್ಲ, ಚೆನ್ನಾಗಿ ಉರಿದು ಕೆಂಪಗಾಗಿರೋ ಕೆಂಡ. ಅದ್ರಲ್ಲಿ ಎಂಥಾ ವಿಷಾನೇ?"

"ಹೊಗೆ ಇದ್ದಿದ್ರೆ ಎಷ್ಟೋ ವಾಸಿ ಕಣಕ್ಕ. ಕೆಮ್ಮಾದ್ರೂ ಬಂದು ಎದ್ದು ಓಡ್ತಿದ್ರಿ. ಇದು ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ. ನಿದ್ದೆ ಬಂದ ಹಾಗೆ ಬರುತ್ತೆ, ಕರ್ಕೊಂಡು ಹೋಗುತ್ತೆ."

ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟರೆ ವಿಷದ ಗಾಳಿ ತುಂಬಿಕೊಳ್ಳುತ್ತದೆ, ತಲೆನೋವು ವಾಂತಿ ಅದರ ಗುರುತು, ತಾಯಿಗಿಂತ ಹೊಟ್ಟೆಯೊಳಗಿನ ಕೂಸಿಗೆ ಹೆಚ್ಚು ಅಪಾಯ, ಇಬ್ಬರೂ ಈಗಲೇ ಆಸ್ಪತ್ರೆಗೆ ನಡೆಯಿರಿ ಅಂತ ವರ್ವಾರಾ ಬಿಡಿಸಿ ಹೇಳಿದಳು. ಪ್ರೊಫೀರಕ್ಕ, ನೀನು ಜನರ ಮೈ ನೋಡು, ಮೊಟ್ಟೆಯ ವಿಷಯ ನನಗೆ ಬಿಡು ಅಂದಳು. ಬಯಲ ಗಾಳಿಗೆ ಲುಕೇರಿಯಾಗೂ ತುಸು ಹಗುರಾಗಿತ್ತು. ಬರುವುದಿಲ್ಲ ಅಂದಳು. ಗಾಡಿ ಕರೆತರುತ್ತೇನೆ, ಅಲ್ಲಿಯವರೆಗೆ ಕಿಟಕಿ ಮುಚ್ಚಬೇಡಿ ಅಂತ ವರ್ವಾರಾ ಹೊರಟಳು. ಅವಳು ಬೀದಿ ತಿರುಗುವುದೇ ತಡ, ಬಕೆಟ್ಟು ಒಳಗೆ ಬಂತು, ಕಿಟಕಿಗೆ ಹೊಸ ಕಾಗದ ಬಿತ್ತು.

ಜರಡಿ ಕೇಳಲು ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಪ್ರೊಫೀರಕ್ಕ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು. ಸೊಸೆ ಮಲಗಿದ್ದಾಳೆ, ಮೆಲ್ಲಗೆ ಮಾತಾಡು ಅಂದಳು. ಬಸುರಿಯ ಮುಖ ನೋಡಿಕೊಂಡು ಹೋಗೋಣ ಅಂತ ಕಂಬಳಿ ಸರಿಸಿದೆ. ಕೂಗಿದರೆ ಓಗೊಡಲಿಲ್ಲ, ಅಲುಗಿಸಿದರೆ ಕೈ ಜೋತುಬಿತ್ತು. ಇಬ್ಬರೂ ಸೇರಿ ಅವಳನ್ನು ಅಂಗಳಕ್ಕೆ ಎಳೆದೆವು. ಅಷ್ಟರಲ್ಲಿ ವರ್ವಾರಾ ಗಾಡಿಯೊಂದಿಗೆ ಬಂದಳು.

ಲುಕೇರಿಯಾ ಉಳಿದಳು. ಹೊಟ್ಟೆಯಲ್ಲಿದ್ದ ಹೆಣ್ಣುಕೂಸು ಉಳಿಯಲಿಲ್ಲ. ಹೆಸರಿಡುವ ಮೊದಲೇ ಮಣ್ಣು ಮಾಡಿದೆವು. ಗವ್ರಿಲ್ ಆವತ್ತು ಲಾರಿ ಬಿಟ್ಟು ಓಡಿಬಂದ. ಅವನ ಮುಖ ನೆನೆದರೆ ನನಗೆ ಇಂದಿಗೂ ಊಟ ಸೇರುವುದಿಲ್ಲ.

ಇಷ್ಟಾದರೂ ಪ್ರೊಫೀರಕ್ಕನಿಗೆ ಬುದ್ಧಿ ಬಂತೇ? ಇಲ್ಲ. ವರ್ವಾರಾ ಕಿಟಕಿ ತೆಗೆದಿದ್ದಕ್ಕೇ ಬಸುರಿಗೆ ಕುರೆಂಟು ಬಡಿಯಿತು, ಕೂಸನ್ನು ತಿಂದವಳು ಅವಳೇ ಅಂತ ಬಾವಿಕಟ್ಟೆಯಲ್ಲಿ ಸಾರಿದಳು. ಅರ್ಧ ಊರು ಹೌದೌದು ಅಂದಿತು. ವರ್ವಾರಾಳನ್ನು ಕಂಡರೆ ಕೆಲವರು ಮುಖ ತಿರುಗಿಸಿದರು. ನನಗೆ ಆ ಕೆಲವರ ಮೇಲೆ ಇನ್ನೂ ಸಿಟ್ಟಿದೆ.

ವರ್ವಾರಾ ಜಗಳಕ್ಕೆ ಹೋಗಲಿಲ್ಲ. ಲುಕೇರಿಯಾ ಮನೆಗೆ ಬಂದ ಮೇಲೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಚಿಕ್ಕ ಕೋಣೆಯಿಂದ ಈಚೆ ತಂದಿಟ್ಟ ಪೆಟ್ಟಿಗೆಯಲ್ಲಿ ಮೊಟ್ಟೆಗಳು ಹಾಗೇ ಇದ್ದವು, ಒಂದೂ ಒಡೆದಿರಲಿಲ್ಲ. ಒಂದನ್ನು ಒಡೆದು ತೋರಿಸಕ್ಕ ಅಂದಳು. ಒಳಗೆ ಕೊಕ್ಕು, ಕಾಲು, ತುಪ್ಪುಳ ಎಲ್ಲ ಮೂಡಿದ ಮರಿ ಸತ್ತು ಮುದುಡಿತ್ತು.

"ಅಕ್ಕ, ಕಾವಿಗಿಡೋ ಮೊಟ್ಟೆಗೆ ಕೊಬ್ಬು ಸವರಿದ್ರೆ ಏನಾಗುತ್ತೆ?" ವರ್ವಾರಾ ಕೇಳಿದಳು.

"ಅಷ್ಟೂ ತಿಳೀದಾ ನಿಂಗೆ? ಚಿಪ್ಪಿಗೆ ಉಸಿರು ಕಟ್ಟುತ್ತೆ. ಮರಿ ಒಳಗೇ ಸಾಯುತ್ತೆ. ಎಷ್ಟು ಕಾವು ಕೊಟ್ರೂ ಬದುಕಲ್ಲ."

"ಕಿಟಕಿಗೆ ಮೆತ್ತಿದ ಹಿಟ್ಟೂ ಅದೇ ಅಲ್ವಾ ಅಕ್ಕ?"

ಪ್ರೊಫೀರಕ್ಕ ಅಂಗೈಯಲ್ಲಿದ್ದ ಮರಿಯನ್ನೇ ನೋಡುತ್ತ ಕೂತಳು. ಕುರೆಂಟಿನ ಮೇಲೆ ತಪ್ಪು ಹೊರಿಸಲು ಇನ್ನು ದಾರಿ ಉಳಿದಿರಲಿಲ್ಲ.

ಕೆಂಡವಿಲ್ಲದೆ ಮೊಟ್ಟೆ ಉಳಿಸುವುದು ಹೇಗೆ ಅಂತ ನಾನೇ ಕೇಳಿದೆ. ಪೆಟ್ಟಿಗೆಯ ಗಾಳಿತೂತು ಬಿಟ್ಟು ಸುತ್ತಲೂ ರಜಾಯಿ ಹೊದಿಸಿ, ಒಳಗೆ ಬಿಸಿನೀರಿನ ಬಾಟಲಿ ಇಟ್ಟು, ಆರಿದಂತೆ ಬದಲಾಯಿಸುತ್ತಿದ್ದರೆ ಸಾಕು ಅಂದಳು ವರ್ವಾರಾ. ತಾಯಿ ಹೆಬ್ಬಾತು ಕೂಡ ದಿನಾ ಗೂಡು ಬಿಟ್ಟು ಮೇಯಲು ಏಳುತ್ತದೆ, ತುಸು ಹೊತ್ತು ಆರಿದ ಮಾತ್ರಕ್ಕೆ ಮೊಟ್ಟೆ ಕೆಡುವುದಿಲ್ಲ ಅಂದಳು. ಇದು ಪ್ರೊಫೀರಕ್ಕನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಮಂಚದ ಮೇಲಿದ್ದ ಲುಕೇರಿಯಾ ಆಗ ಮೊದಲ ಸಲ ಮಾತಾಡಿದಳು. "ಹಂಗಾದ್ರೆ ಕೆಂಡ ಬೇಕೇ ಇರ್ಲಿಲ್ವಾ ಅತ್ತೆ?"

ಪ್ರೊಫೀರಕ್ಕ ಎದ್ದು ಚಿಕ್ಕ ಕೋಣೆಗೆ ಹೋಗಿ ಕಿಟಕಿಯ ಕಾಗದವನ್ನು ಉಗುರಿನಿಂದ ಕೆರೆಯತೊಡಗಿದಳು. ಅಂಟು ಗಟ್ಟಿಯಾಗಿತ್ತು, ಉಗುರು ಕಿತ್ತು ರಕ್ತ ಬಂತು. ನಾವು ಹೇಳಿದರೂ ನಿಲ್ಲಿಸಲಿಲ್ಲ.

ಈಗ ಹಿಮ ಬಿದ್ದು ದೀಪ ಹೋದರೆ ಅವಳೇ ಮನೆಮನೆಗೆ ಹೋಗುತ್ತಾಳೆ. ಒಳಗೆ ಕೆಂಡ ಕಂಡರೆ ಹೇಳದೆ ಕೇಳದೆ ಹೊರಗೆ ಸುರಿಯುತ್ತಾಳೆ. ಮೊನ್ನೆ ಒಬ್ಬಳು, ಕಿಟಕಿ ತೆಗೀಬೇಡ, ಕುರೆಂಟು ಬಡಿಯುತ್ತೆ ಅಂತ ಅಡ್ಡ ನಿಂತಳು.

"ಕುರೆಂಟು ಬಡಿದ್ರೆ ಕತ್ತು ಹಿಡಿಯುತ್ತೆ ಕಣೇ, ಉಣ್ಣೆ ವಸ್ತ್ರ ಕಟ್ಕೋಬಹುದು. ನನ್ನ ಮೊಮ್ಮಗಳಿಗೆ ನಾನೇನು ಕಟ್ಟಲಿ?" ಅಂದಳು ಪ್ರೊಫೀರಕ್ಕ. ಅಡ್ಡ ನಿಂತವಳು ದಾರಿ ಬಿಟ್ಟಳು.

ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಸಾಕುವುದು ಕೋಳಿಯೋ ಬಾತೋ ಹೆಬ್ಬಾತೋ, ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಿರುವ ಕೋಣೆಯಲ್ಲಿ ಕೆಂಡ, ಇದ್ದಿಲು, ಸೀಮೆಎಣ್ಣೆಯ ಒಲೆ ಇಡಬೇಡಿ. ಅಲ್ಲಿ ಯಾರನ್ನೂ ಮಲಗಿಸಬೇಡಿ. ಮನೆಯೊಳಗೆ ಬೆಂಕಿಯಿದ್ದಾಗ ಇಬ್ಬರಿಗೆ ಒಟ್ಟಿಗೆ ತಲೆ ನೋಯುತ್ತಿದೆಯೇ? ಬಯಲಿಗೆ ಬನ್ನಿ, ಆಸ್ಪತ್ರೆಗೆ ನಡೆಯಿರಿ, ತಲೆ ಹಗುರಾಯಿತು ಅಂತ ಹಿಂದಕ್ಕೆ ಹೋಗಬೇಡಿ. ಮೊಟ್ಟೆ ಹಾಳಾದರೆ ಹೆಬ್ಬಾತು ಮುಂದಿನ ವರ್ಷ ಮತ್ತೆ ಇಡುತ್ತದೆ. ಈ ಕಥೆ ಮುಗಿದ ಕೂಡಲೇ ಎದ್ದು, ನಿಮ್ಮ ಮನೆಯ ಕಿಟಕಿ ತೆಗೆಯಲು ಬರುತ್ತದೆಯೇ ಅಂತ ಒಮ್ಮೆ ನೋಡಿ.