ಅಲುಗದೆ ಕುಳಿತದ್ದು

ಹನಿಯ ಅಂಚಿನಲ್ಲಿ ಒಂದು ಅಲುಗುತ್ತಿಲ್ಲ, ಉಳಿದವು ಎಷ್ಟು ಸೊಕ್ಕಿನಿಂದ ಓಡುತ್ತಿವೆ, ನೆಟ್ಟಗೆ ಓಡಿ, ಗಿರಕಿ ಹೊಡೆದು, ಮತ್ತೊಂದು ದಿಕ್ಕಿಗೆ — ಎಲ್ಲವೂ ಅಮ್ಮನ ರಕ್ತದಿಂದ ಬಂದವು, ಟೈಫಾಯಿಡಿನ ಒಂದೇ ಜೀವಾಣು ಒಡೆದೊಡೆದು ಇಷ್ಟಾದದ್ದು, ಒಂದೇ ಬಳ್ಳಿಯವು, ಆದರೂ ಒಂದು ಓಡುತ್ತದೆ, ಒಂದು ತಿರುಗುತ್ತದೆ, ಇದು ಮಾತ್ರ ಕುಳಿತಿದೆ, ಸತ್ತಿದೆಯೋ, ಯಾರಿಗೆ ಗೊತ್ತು, ಸೂಕ್ಷ್ಮದರ್ಶಕಕ್ಕೆ ಒತ್ತಿದ ಕಣ್ಣು ಉರಿಯುತ್ತಿದೆ, ಹೊರಗೆ ಇಂಡಿಗೆ ಹೋಗುವ ಬಸ್ಸಿನ ಹಾರ್ನು. ಮೊನ್ನೆ ನಳಿಕೆಯಲ್ಲಿ ಇವುಗಳ ಮೇಲೆ ಅಮ್ಮನ ಗುಳಿಗೆಯ ಔಷಧಿಯನ್ನೇ ಹಾಕಿದ್ದೆ, ನೀರು ತಿಳಿಯಾಗಿತ್ತು, ಎಲ್ಲ ಮುಗಿಯಿತೆಂದುಕೊಂಡೆ, ಔಷಧಿ ತೊಳೆದು ಬರೀ ಪೋಷಕ ದ್ರವಕ್ಕೆ ಬಿಟ್ಟೆ, ಇವತ್ತು ಮತ್ತೆ ಮಬ್ಬು, ಅದರದೇ ಹನಿ ಇದು — ಹಾಗಾದರೆ ಓಡಾಡಿ ಬೆಳೆಯುವವು ಸತ್ತಿದ್ದವು, ಸುಮ್ಮನೆ ಕುಳಿತವು ಉಳಿದು ಔಷಧಿ ಹೋದ ಮೇಲೆ ಎದ್ದು ಬೆಳೆದವು, ಅದಕ್ಕೇ ಅಲ್ಲವೆ ಜ್ವರ ಬಿಟ್ರೂ ಗುಳಗಿ ಬಿಡಬ್ಯಾಡ್ರಿ ಅಂತ ಈ ಸಿಂದಗಿಯ ಲ್ಯಾಬಿನ ಕಿಟಕಿಯಲ್ಲಿ ನಿಂತು ಎಲ್ಲರಿಗೂ ನಾನೇ ಹೇಳುವುದು, ದೊಡ್ಡ ಶಾಣ್ಯಾಕಿಯ ಹಾಗೆ. ಮನೆಯಲ್ಲಿ ಅಮ್ಮನ ನ್ಯಾಯವೇ ಬೇರೆ, ಹಬ್ಬದ ಸುರಕುಂಬಾ ಪಾಯಸ ಆಗಲಿ, ಹಿತ್ತಲ ಲಿಂಬೆಹಣ್ಣಾಗಲಿ, ಪಕ್ಕದ ಮನೆಯ ಸೀತವ್ವನಿಗೆ ಅರ್ಧ, ಹದಿನಾಲ್ಕು ದಿನದ ಗುಳಿಗೆ, ಏಳನೇ ದಿನ ಜ್ವರ ಇಳಿದದ್ದೇ ತಡ, ಅಕೀಗೂ ಇದ ಜ್ವರ ಬಂದೈತಿ ಮುಬಿನಾ, ಉಳದದ್ದು ಅಕೀಗಿ ಕೊಟ್ಟ ಬಾ, ನಾ ಆರಾಮ ಆಗೇನಿ ಅಂದಳು, ಕೊಟ್ಟು ಬಂದವಳು ನಾನೇ, ಈ ಕೈಯಿಂದಲೇ, ತಿಳಿದು ತಿಳಿದೂ, ಥೂ ನನ್ನ. ಅದೇ ಜ್ವರ, ಅದೇ ಗುಳಿಗೆ, ಸರಿ ಅರ್ಧ, ಸೀತವ್ವ ಎದ್ದು ರೊಟ್ಟಿ ಬಡಿಯುತ್ತಿದ್ದಾಳೆ, ಅಮ್ಮ ಮತ್ತೆ ಜ್ವರ ಬಂದು ಮಲಗಿದಳು, ನಿನ್ನೆಯಿಂದ ಹೊಟ್ಟೆ ಕಲ್ಲಾಗಿದೆ, ಕರುಳು ತೂತು ಬಿದ್ದಿದ್ರ ಕಷ್ಟ ನೋಡ್ರಿ ಎಂದರು ಡಾಕ್ಟರರು, ವಿಜಾಪುರಕ್ಕೆ ಒಯ್ಯಲು ಎಸ್‌ಟಿಡಿ ಬೂತಿನಿಂದ ಗಾಡಿಗೆ ಹೇಳಿದ್ದೇನೆ, ಇನ್ನೂ ಬಂದಿಲ್ಲ, ಹೆದರಿಕೆಯಾಗುತ್ತಿದೆ, ಅದಕ್ಕೇ ಇಲ್ಲಿ ಕುಳಿತು ಹನಿ ನೋಡುತ್ತಿದ್ದೇನೆ. ಬಾಗಿಲಲ್ಲಿ ಬಳೆ ಸದ್ದು, ಸೀತವ್ವ, ಸೆರಗಿನ ಗಂಟು ಬಿಚ್ಚುತ್ತ, ಮುಬಿನಾ, ನಿಮ್ಮವ್ವ ಸುಗ್ರಾಬಿಗೆ ಇವನ್ನ ಕೊಡವಾ, ನನಗ ನಾಕ ದಿನಕ್ಕ ಜ್ವರ ಬಿಟ್ಟಿತ್ತು, ಅಕೀಗಿ ಬೇಕಾಗ್ತಾವು ಅಂತ ತಗಿದಿಟ್ಟೇನಿ — ಅಂಗೈಯಲ್ಲಿ ಮೂರು ದಿನದ ಗುಳಿಗೆ, ಮುಖದ ತುಂಬ ನಗು, ಅಯ್ಯೋ, ನಾಲ್ಕೇ ದಿನ ತಿಂದಿದ್ದಾಳೆ, ಇವಳೊಳಗೂ ಎಲ್ಲೋ ಒಂದು ಕುಳಿತಿದ್ದರೆ, ಹೇಳಬೇಕು, ಕಣ್ಣು ತಾನಾಗಿ ಮತ್ತೆ ಗಾಜಿಗೆ — ಹನಿಯ ಅಂಚು, ಅದೊಂದು, ಅಲುಗಿತು.