ಇಪ್ಪತ್ತಮೂರು ಮನೆಗಳ ಹೊರಗೆ

ನಾನು ಒಂದು ರೆಕಾರ್ಡ್ ಪುಸ್ತಕ. ಸಣ್ಣ ಬೈಂಡಿಂಗ್ ಅಂಗಡಿಯೊಂದರಲ್ಲಿ ನನ್ನ ನೂರು ಹಾಳೆಗಳನ್ನು ಹೊಲಿದು, ಅಂಟು ಹಚ್ಚಿ, ನೀಲಿ ರಟ್ಟು ಹೊದಿಸಿದರು. ಕೊಪ್ಪಳದ ಕಡೆಯ ಕಾಲೇಜೊಂದರ ಬಿ.ಎ. ಮೊದಲ ವರ್ಷದ ಐವರು ನನ್ನನ್ನು ಕೊಂಡರು.

ಸಮಾಜಶಾಸ್ತ್ರದ ಕುಂದರಗಿ ಮೇಡಂ ಪಾಠ ಕಲಿಸುತ್ತಿದ್ದದ್ದೇ ತಂಡಗಳ ಮೂಲಕ. ಹಾಜರಿ ಸಂಖ್ಯೆಯ ಪ್ರಕಾರ ಐವರ ತಂಡ, ಸಮೀಕ್ಷೆಗೆ ತಂಡಕ್ಕೊಂದು ಓಣಿ, ಓಣಿಯಲ್ಲಿ ಇಪ್ಪತ್ತನಾಲ್ಕು ಮನೆ, ಮನೆಗೆ ಹತ್ತು ಪ್ರಶ್ನೆ. ಕೊನೆಯ ಪುಟದಲ್ಲಿ ಐವರ ಸಹಿ ಬೇಕು. ಒಂದು ಕಡಿಮೆಯಾದರೂ ಯಾರಿಗೂ ಅಂಕವಿಲ್ಲ.

ಮೊದಲ ಮನೆಯೊಳಗೆ ಐವರೂ ಹೋದರು. ಎರಡನೆಯ ಮನೆಯ ಅಜ್ಜಿ ಐವರಲ್ಲಿ ಒಬ್ಬಳಾದ ಹುಲಿಗೆಮ್ಮನನ್ನು ದಿಟ್ಟಿಸಿದಳು.

"ನೀ ಯಾರ ಪೈಕಿ ಆಗಬೇಕವ್ವ?"

ಹುಲಿಗೆಮ್ಮ ತನ್ನ ಕೇರಿಯ ಹೆಸರು ಹೇಳಿದಳು. ಅಜ್ಜಿ ಹೊರಗಿನ ಕಟ್ಟೆ ತೋರಿಸಿದಳು. ತಂಡದ ನಾಯಕ ಅಮರೇಶ ಕೂಡಲೇ ಹೇಳಿದ: "ನಿನ್ನ ಅಕ್ಷರ ಚಂದ ಅದಾವು. ನೀ ಇಲ್ಲೇ ಕುಂತು ಬರಿ. ನಾವು ಒಳಗ ಕೇಳಿ ಬಂದು ಹೇಳತೀವಿ."

ಮುಂದಿನ ಮನೆಗಳಲ್ಲಿ ಯಾರೂ ಕೇಳುವ ಮೊದಲೇ ಅವಳನ್ನು ಕಟ್ಟೆಯ ಮೇಲೆ ಕೂರಿಸಿದರು. ನಾಲ್ವರು ಚಹಾ ಕುಡಿದು ಬಾಯಿ ಒರೆಸಿಕೊಳ್ಳುತ್ತ ಬಂದು ಉತ್ತರ ಹೇಳುತ್ತಿದ್ದರು. ಒಂಬತ್ತನೆಯ ಪ್ರಶ್ನೆ: ಮನೆಯೊಳಗೆ ಎಲ್ಲ ಜಾತಿಯವರಿಗೂ ಪ್ರವೇಶವಿದೆಯೇ? ಉತ್ತರ: ಇದೆ. ಅವಳ ತೊಡೆಯ ಮೇಲೆ ಮಲಗಿದ್ದ ನನ್ನೊಳಗೆ ಆ 'ಇದೆ' ಇಪ್ಪತ್ತನಾಲ್ಕು ಸಲ ಬಿತ್ತು. ನನಗೆ ಬೆಂಕಿ ಬಿದ್ದಂತಾಯಿತು. ಹಾಳೆಗೆ ಬಾಯಿಲ್ಲ.

ಒಪ್ಪಿಸುವ ದಿನ ಹುಲಿಗೆಮ್ಮ ಸಹಿ ಮಾಡಲಿಲ್ಲ.

"ಒಂದು ಸಹಿಗೆ ಎಷ್ಟು ಸೊಕ್ಕ ಮಾಡತಿ?" ಅಂದ ಅಮರೇಶ. "ನಿನಗೂ ಅಂಕ ಬರಂಗಿಲ್ಲ, ನೋಡು."

ಅದು ಅವಳಿಗೆ ಗೊತ್ತಿತ್ತು. ಆ ಅಂಕ ಹೋದರೆ ಪಾಸಾಗುವುದೇ ಕಷ್ಟವಿತ್ತು. "ಇಪ್ಪತ್ತಮೂರು ಮನಿ ಹೊರಗ ಕುಂತಾಕಿ ನಾನು," ಅಂದಳು. "ಒಳಗ ಕರದಾರ ಅಂತ ನಾನಽ ಹೆಂಗ ಸಹಿ ಮಾಡಲಿ?"

ಪೆನ್ನು ತೆಗೆದು ಇಪ್ಪತ್ತಮೂರು 'ಇದೆ'ಗಳನ್ನು ಹೊಡೆದುಹಾಕಿದಳು. ಪ್ರತಿಯೊಂದರ ಪಕ್ಕದಲ್ಲೂ 'ಇಲ್ಲ. ಬರೆದವಳನ್ನು ಹೊರಗೆ ಕೂರಿಸಲಾಗಿತ್ತು' ಎಂದು ಬರೆದಳು. ಆಮೇಲೆ ಸಹಿ ಮಾಡಿದಳು. ಈಗ ಉಳಿದ ನಾಲ್ವರು ಸಹಿ ಮಾಡಲು ಒಪ್ಪಲಿಲ್ಲ.

ಕುಂದರಗಿ ಮೇಡಂ ನನ್ನನ್ನು ಎರಡು ಸಲ ಓದಿದರು. ತಲೆ ಎತ್ತದೆ ಹೇಳಿದರು: "ಗುಂಪಿನಾಗ ಹೊಂದಿಕೊಂಡು ಹೋಗೋದೂ ಒಂದು ಪಾಠನಽ ಹುಲಿಗೆಮ್ಮ."

ನಾಲ್ವರಿಗೆ ಹೊಸ ಪುಸ್ತಕ ಬರೆಯಲು ಎರಡು ದಿನ ಕೊಟ್ಟರು. ಅದರಲ್ಲಿ ಇಪ್ಪತ್ತನಾಲ್ಕೂ ಮನೆಗಳ ಬಾಗಿಲು ಎಲ್ಲರಿಗೂ ತೆರೆದಿದ್ದವು. ನಾಲ್ಕು ಸಹಿಗೆ ಹತ್ತಕ್ಕೆ ಒಂಬತ್ತು ಅಂಕ ಬಂತು. ಐದರ ನಿಯಮ ಯಾರಿಗೂ ನೆನಪಾಗಲಿಲ್ಲ. ಹುಲಿಗೆಮ್ಮನಿಗೆ ಸೊನ್ನೆ.

ವಾರದ ನಂತರ ಅವಳು ಸ್ಟಾಫ್ ರೂಮಿಗೆ ಬಂದಳು. "ಆ ಹಳೇ ಪುಸ್ತಕ ನನಗ ಕೊಡ್ರಿ ಮೇಡಂ."

"ಅದು ಕಾಲೇಜಿನ ದಾಖಲೆ. ಕೊಡಾಕ ಬರಂಗಿಲ್ಲ."

ಈಗ ನಾನು ಕಬ್ಬಿಣದ ಬೀರುವಿನ ತಳದಲ್ಲಿದ್ದೇನೆ. ರಟ್ಟು ಕಳಚಿದೆ, ಹಾಳೆಗಳು ಹಳದಿಯಾಗಿವೆ. ಪ್ರತಿ ವರ್ಷ ಹೊಸ ತಂಡಗಳಿಗೆ ಮಾದರಿಯೆಂದು ಆ ಇನ್ನೊಂದು ಪುಸ್ತಕವನ್ನು ತೋರಿಸುತ್ತಾರೆ. ನನ್ನ ಸಿಟ್ಟು ಇನ್ನೂ ಆರಿಲ್ಲ. ಅಂಕ ಕೊಡುವಾಗ ನಾನು ದಾಖಲೆಯಾಗಿರಲಿಲ್ಲ. ಅವಳು ಕೇಳಿದಾಗ ಮಾತ್ರ ಆದೆ.